ಇಬ್ಬಿಬ್ಬರಾಗಿ ಹೊರಟವರು: ಹಿರಿಯ ದಂಪತಿ ಮಿಷನ್‌ನ ಚರಿತ್ರೆ

ಕ್ರೈಸ್ತ ಧರ್ಮಪ್ರಚಾರದ ಚರಿತ್ರೆಯಲ್ಲಿ ಮಿಷನರಿ ಎಂದರೆ ಸಾಮಾನ್ಯವಾಗಿ ಯೌವನದಲ್ಲಿ ಊರು ಬಿಟ್ಟು, ಪರದೇಶದಲ್ಲಿ ಬಾಳಿನ ಬಹುಭಾಗವನ್ನು ಸವೆಸಿ, ಅಲ್ಲಿಯೇ ಮಣ್ಣಾದ ಇಲ್ಲವೆ ಮುಪ್ಪಿನಲ್ಲಿ ತಾಯ್ನಾಡಿಗೆ ಮರಳಿದ ವ್ಯಕ್ತಿ. ಈ ಕ್ರಮವನ್ನು ತಲೆಕೆಳಗು ಮಾಡಿದ ಒಂದು ಪದ್ಧತಿ, ಅಂದರೆ ಸಂಸಾರದ ಹೊಣೆಗಳೆಲ್ಲ ಮುಗಿದ ಮೇಲೆ ಗಂಡಹೆಂಡಿರಿಬ್ಬರೂ ಕೂಡಿ ಒಂದೆರಡು ವರ್ಷಗಳ ಮಟ್ಟಿಗೆ ಸಭೆಯ ಸೇವೆಗಾಗಿ ಪರದೇಶಕ್ಕೆ ಹೋಗಿ ಬರುವ ಪದ್ಧತಿ, ಅಮೆರಿಕದ ಯೂಟಾ ರಾಜ್ಯದಲ್ಲಿ ಕೇಂದ್ರವನ್ನು ಹೊಂದಿರುವ ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂಬ ಸಭೆಯಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಲವಾಗಿ ಬೇರೂರಿತು. ‘ಕಡೆಯ ದಿನಗಳ ಸಂತರ ಸಭೆ’ ಎಂಬುದು ಈ ಹೆಸರಿನ ಉತ್ತರಾರ್ಧದ ಅರ್ಥ. ತಾವು ಪವಿತ್ರವೆಂದು ಭಾವಿಸುವ ‘ಬುಕ್ ಆಫ್ ಮಾರ್ಮನ್’ ಎಂಬ ಗ್ರಂಥದಿಂದಾಗಿ ಈ ಸಭೆಯವರು ಹೊರಗಿನವರ ಬಾಯಲ್ಲಿ ಬಹುಕಾಲ ಮಾರ್ಮನ್ನರೆಂದೇ ಕರೆಯಿಸಿಕೊಂಡರು. ಇಂದು ಸಹಜವೆನಿಸುವ ಈ ದಂಪತಿ ಸೇವೆಯ ಹಿಂದೆ, ಮಿಷನ್ ಎಂಬ ಸಂಸ್ಥೆ ದಾಂಪತ್ಯವನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಅಗಲಿಕೆಗೆ ಗುರಿಮಾಡಿ, ಕೊನೆಗೆ ಅದೇ ದಾಂಪತ್ಯವನ್ನು ತನ್ನ ಸಾಧನವನ್ನಾಗಿ ಮಾಡಿಕೊಂಡ ಚರಿತ್ರೆಯಿದೆ.

ಜೋಸೆಫ್ ಸ್ಮಿತ್ ಎಂಬಾತ 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಈ ಸಭೆಯನ್ನು ಸ್ಥಾಪಿಸಿದನು. ಸಂಬಳ ಪಡೆಯುವ ಪಾದ್ರಿವರ್ಗವೊಂದನ್ನು ಬೆಳೆಸದೆ, ಬೋಧಿಸುವ ಕೆಲಸವನ್ನು ಸಾಮಾನ್ಯ ಸದಸ್ಯರಿಗೇ ಸರದಿಯ ಮೇಲೆ ವಹಿಸಿದ್ದು ಅದರ ಆರಂಭದ ವೈಶಿಷ್ಟ್ಯಗಳಲ್ಲೊಂದು. ಯೇಸು ತನ್ನ ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದನೆಂದೂ, ಹಣದ ಚೀಲವನ್ನಾಗಲಿ ಬುತ್ತಿಯನ್ನಾಗಲಿ ಒಯ್ಯಬಾರದೆಂದು ಹೇಳಿದನೆಂದೂ ಮಾರ್ಕ ಮತ್ತು ಲೂಕ ಬರೆದ ಸುವಾರ್ತೆಗಳು ತಿಳಿಸುತ್ತವೆ. ಹೊಸ ಸಭೆ ಈ ಎರಡು ಮಾತುಗಳನ್ನೂ ಅಕ್ಷರಶಃ ನಿಯಮವಾಗಿ ಸ್ವೀಕರಿಸಿತು. ಹೀಗಾಗಿ ರೈತ, ಬಡಗಿ, ಕುಂಬಾರ ಯಾರೇ ಆಗಿರಲಿ, ಕರೆ ಬಂದಾಗ ಇನ್ನೊಬ್ಬ ಗಂಡಸಿನೊಡನೆ ಜೊತೆಗೂಡಿ ಬರಿಗೈಯಲ್ಲಿ ಹೊರಡಬೇಕಿತ್ತು, ಮತ್ತು ಹಾಗೆ ಹೊರಟವರಲ್ಲಿ ಬಹಳಷ್ಟು ಜನ ವಿವಾಹಿತರಾಗಿದ್ದುದರಿಂದ ಹೊಲ, ಮನೆ, ಮಕ್ಕಳ ಭಾರವೆಲ್ಲ ಹೆಂಡತಿಯ ಹೆಗಲೇರುತ್ತಿತ್ತು.

ಸಭೆಯ ಮೊದಲ ಸಾಗರೋತ್ತರ ತಂಡ 1837ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣವನ್ನು ತಲುಪಿತು. ಎರಡು ವರ್ಷಗಳ ಅನಂತರ ಅದೇ ದೇಶಕ್ಕೆ ಹೊರಟ ಎರಡನೆಯ ತಂಡದಲ್ಲಿ, ಮುಂದೆ ಸಭೆಯ ಅಧ್ಯಕ್ಷನಾದ ಬ್ರಿಗಂ ಯಂಗ್ ಇದ್ದನು. 1839ರ ಸೆಪ್ಟೆಂಬರಿನಲ್ಲಿ ಮಿಸಿಸಿಪಿ ನದಿಯ ದಡದ ಮನೆಯನ್ನು ಬಿಡುವಾಗ ಅವನು ಚಳಿಜ್ವರದಿಂದ ನಡುಗುತ್ತಿದ್ದನು. ಅವನ ಮಡದಿ ಮೇರಿ ಆ್ಯನ್ ಹತ್ತು ದಿನದ ಹಸುಗೂಸಿನೊಡನೆ ಬಾಣಂತಿಯ ಹಾಸಿಗೆಯಲ್ಲಿದ್ದಳು. ಅವನ ಜೊತೆಗಾರ ಹೀಬರ್ ಕಿಂಬಲ್‌ನ ಮನೆಯಲ್ಲೂ ಕಾಯಿಲೆಯೇ ತುಂಬಿತ್ತು. ಬಂಡಿ ಹೊರಟ ಮೇಲೆ ಇಬ್ಬರೂ ಕಷ್ಟಪಟ್ಟು ಎದ್ದು ನಿಂತು, ಮನೆಯವರಿಗೆ ಧೈರ್ಯ ಬರಲೆಂದು ಜಯಘೋಷ ಕೂಗಿದ ಪ್ರಸಂಗವನ್ನು ಸಭೆಯ ಚರಿತ್ರಕಾರರು ತ್ಯಾಗದ ಮಾದರಿಯಾಗಿ ಮತ್ತೆ ಮತ್ತೆ ನೆನೆಯುತ್ತ ಬಂದಿದ್ದಾರೆ. ಗಂಡ ತಿರುಗಿ ಬರಲು 1841ರ ಬೇಸಿಗೆಯಾಯಿತು. ಅಲ್ಲಿಯವರೆಗೆ ಮಕ್ಕಳನ್ನು ಸಾಕಿದವಳು ಮೇರಿ ಆ್ಯನ್. ಜಯಘೋಷದ ಪ್ರಸಂಗವನ್ನು ಬಂಡಿಯ ಕಡೆಯಿಂದಲ್ಲದೆ ಹಾಸಿಗೆಯ ಕಡೆಯಿಂದ ಓದಿದರೆ, ಮಿಷನ್‌ಗಾಗಿ ಇಬ್ಬರು ತ್ಯಾಗ ಮಾಡಿದರೂ ಕೆಲಸದ ಹೆಸರು ಮಾತ್ರ ಒಬ್ಬರಿಗೇ ಸಲ್ಲುತ್ತಿದ್ದುದು ಕಾಣುತ್ತದೆ.

ಈ ಏರ್ಪಾಡಿನಲ್ಲಿ ಮೊದಲ ಬಿರುಕು ಕಾಣಿಸಿದ್ದು ದಕ್ಷಿಣ ಪೆಸಿಫಿಕ್ ಸಾಗರದ ಟುಬುವಾಯಿ ಎಂಬ ಪುಟ್ಟ ದ್ವೀಪದಲ್ಲಿ. ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ದುಡಿದು ಆ ಸಾಗರವನ್ನು ಬಲ್ಲವನಾಗಿದ್ದ ಆ್ಯಡಿಸನ್ ಪ್ರ್ಯಾಟ್ 1843ರಲ್ಲಿ ಮಡದಿ ಲೂಯಿಸಾ ಬಾರ್ನ್ಸ್ ಪ್ರ್ಯಾಟ್‌ಳನ್ನೂ ನಾಲ್ವರು ಹೆಣ್ಣುಮಕ್ಕಳನ್ನೂ ಬಿಟ್ಟು ಹೊರಟು, ಮರುವರ್ಷ ಏಪ್ರಿಲ್‌ನಲ್ಲಿ ಟುಬುವಾಯಿಯಲ್ಲಿ ಇಳಿದನು. ಅವನು ಅಲ್ಲಿದ್ದಾಗಲೇ ಸಭೆಯವರು ತಮ್ಮ ನಗರದಿಂದ ಉಚ್ಚಾಟಿತರಾಗಿ ಪಶ್ಚಿಮಕ್ಕೆ ವಲಸೆ ಹೊರಟರು. ಲೂಯಿಸಾ ಮಕ್ಕಳನ್ನು ಎತ್ತಿನ ಬಂಡಿಯಲ್ಲಿ ಕೂರಿಸಿಕೊಂಡು ಸಾವಿರಕ್ಕೂ ಹೆಚ್ಚು ಮೈಲಿಗಳ ಬಯಲನ್ನು ದಾಟಿ 1848ರ ಸೆಪ್ಟೆಂಬರಿನಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ಸೇರಿದಳು. ಐದು ವರ್ಷಗಳ ಅಗಲಿಕೆಯ ಅನಂತರ ಗಂಡಹೆಂಡಿರು ಕೂಡಿದ್ದು ಆ ತಿಂಗಳಲ್ಲಿ. ವರ್ಷ ಕಳೆಯುವಷ್ಟರಲ್ಲಿ ಗಂಡನಿಗೆ ಮತ್ತೆ ಕರೆ ಬಂದಿತು. ಆದರೆ 1850ರಲ್ಲಿ, ನಲವತ್ತೇಳರ ಪ್ರಾಯದ ಲೂಯಿಸಾಳಿಗೂ ಅಧಿಕೃತ ಕರೆ ನೀಡಿ, ಬ್ರಿಗಂ ಯಂಗ್ ಅವಳ ತಲೆಯ ಮೇಲೆ ಕೈಯಿರಿಸಿ ಕಳುಹಿಸಿಕೊಟ್ಟನು. ಹೀಗೆ ಕೈಯಿರಿಸಿ ಪ್ರಾರ್ಥಿಸಿ ಒಬ್ಬರನ್ನು ನಿರ್ದಿಷ್ಟ ಸೇವೆಗೆ ನೇಮಿಸುವ ವಿಧಿಯನ್ನು ಸಭೆಯವರು ಪ್ರತ್ಯೇಕಿಸುವುದು ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಅದು ನೆರವೇರಿದ ಮೇಲೆಯೇ ವ್ಯಕ್ತಿ ಮಿಷನರಿ ಎನಿಸಿಕೊಳ್ಳುವುದು.

ಲೂಯಿಸಾ ತನ್ನ ಹೆಣ್ಣುಮಕ್ಕಳೊಡನೆಯೂ ತಂಗಿ ಕ್ಯಾರೊಲಿನ್ ಕ್ರಾಸ್ಬಿಯ ಕುಟುಂಬದೊಡನೆಯೂ 1850ರ ಅಕ್ಟೋಬರಿನಲ್ಲಿ ಟುಬುವಾಯಿಯನ್ನು ಮುಟ್ಟಿದಾಗ, ಮೊದಲೇ ಹೋಗಿದ್ದ ಆ್ಯಡಿಸನ್ನನನ್ನು ಫ್ರೆಂಚ್ ಅಧಿಕಾರಿಗಳು ತಹಿತಿಯಲ್ಲಿ ತಡೆದಿರಿಸಿಕೊಂಡಿದ್ದರು. ಗಂಡ ಬಂದು ಸೇರುವವರೆಗೆ ಅವಳು ದ್ವೀಪದ ಹೆಂಗಸರ ನಡುವೆ ತಾನೇ ದಾರಿ ಮಾಡಿಕೊಂಡಳು. ಮಕ್ಕಳಿಗೆ ಪಾಠ ಹೇಳಿದಳು, ಹೆಂಗಸರಿಗೆ ಹೊಲಿಗೆ ಕಲಿಸಿದಳು. ಫ್ರೆಂಚ್ ಸರಕಾರದ ನಿರ್ಬಂಧಗಳು ಬಿಗಿಯಾದುದರಿಂದ 1852ರಲ್ಲಿ ಎಲ್ಲರೂ ದ್ವೀಪ ಬಿಟ್ಟು ಕ್ಯಾಲಿಫೋರ್ನಿಯಕ್ಕೆ ಮರಳಬೇಕಾಯಿತು. ಅಲ್ಲಿಂದ ಮುಂದಿನ ಕಥೆಯೂ ಗಮನಾರ್ಹ: 1858ರ ಸುಮಾರಿಗೆ ಲೂಯಿಸಾ ಸಭೆಯವರೊಡನೆ ಯೂಟಾಕ್ಕೆ ಹೋದಳು, ಆ್ಯಡಿಸನ್ ಕ್ಯಾಲಿಫೋರ್ನಿಯದಲ್ಲೇ ಉಳಿದನು, ಮತ್ತು ಉಳಿದ ಆಯುಷ್ಯವನ್ನು ಇಬ್ಬರೂ ಬಹುಮಟ್ಟಿಗೆ ಬೇರೆಬೇರೆಯಾಗಿಯೇ ಕಳೆದರು. ದಂಪತಿ ಸೇವೆಯ ಮೊದಲ ನಿದರ್ಶನವೆಂದು ಎಣಿಸಬಹುದಾದ ಈ ಜೋಡಿಯ ಬಾಳು, ಕೂಡಿ ದುಡಿದ ಒಂದೂವರೆ ವರ್ಷಕ್ಕಿಂತ ಅಗಲಿದ ವರ್ಷಗಳಿಂದಲೇ ಹೆಚ್ಚು ರೂಪುಗೊಂಡಿತೆಂಬುದು ಆ ಕಾಲದ ವ್ಯವಸ್ಥೆಗೆ ಹಿಡಿದ ಕನ್ನಡಿಯಾಗಿದೆ.

ಲೂಯಿಸಾಳ ಕರೆ ಅಪವಾದವಾಗಿಯೇ ಉಳಿಯಿತು. 1853ರಲ್ಲಿ ಕಲ್ಕತ್ತಕ್ಕೆ ಬಂದಿಳಿದು, ಫಲ ಕಾಣದೆ 1856ರ ವೇಳೆಗೆ ಹಿಂದಿರುಗಿದ 13 ಮಂದಿಯ ತಂಡವೂ ಗಂಡಸರದೇ ಆಗಿತ್ತು. 1898ರ ಏಪ್ರಿಲ್‌ನಲ್ಲಿ ಇನೆಜ್ ನೈಟ್ ಮತ್ತು ಜೆನ್ನಿ ಬ್ರಿಮ್ಹಾಲ್ ಎಂಬ ಇಬ್ಬರು ಅವಿವಾಹಿತ ಯುವತಿಯರನ್ನು ಇಂಗ್ಲೆಂಡಿಗೆ ಕಳುಹಿಸಿದಾಗ, ಬೋಧನೆಯ ಕೆಲಸ ಹೆಣ್ಣಿಗೂ ಸಲ್ಲುತ್ತದೆಂಬುದು ಸ್ಥಾಪಿತವಾಯಿತು. ಕ್ರಮೇಣ ಸಭೆ ಸಂಸಾರಸ್ಥರನ್ನು ಬಿಟ್ಟು ಮದುವೆಯಾಗದ ತರುಣರನ್ನೇ ನೆಚ್ಚಿಕೊಂಡಿತು; ಕಪ್ಪು ನಾಮಫಲಕ ಧರಿಸಿ, ಬಿಳಿ ಅಂಗಿ ತೊಟ್ಟು, ಎರಡು ವರ್ಷ ಮನೆಮನೆ ಸುತ್ತುವ ಹುಡುಗರ ಚಿತ್ರ ಜಗತ್ತಿಗೆ ಪರಿಚಿತವಾದದ್ದು ಹೀಗೆ. ಇದರಿಂದ ಎಳೆಯ ಸಂಸಾರಗಳು ಅಗಲಿಕೆಯಿಂದ ಪಾರಾದವು. ಆದರೆ ಇಪ್ಪತ್ತು ದಾಟದ ಹುಡುಗರಿಂದ ಆಗದ ಕೆಲಸಗಳು, ಎಂದರೆ ಹೊಸ ಸಭೆಗಳ ಹಿರಿತನ, ಲೆಕ್ಕಪತ್ರ, ವೈದ್ಯಕೀಯ ಸಲಹೆ, ಸರಕಾರಿ ಅಧಿಕಾರಿಗಳೊಡನೆ ವ್ಯವಹಾರ ಇವುಗಳಿಗೆ ಬೇರೆ ಬಗೆಯ ಜನ ಬೇಕಾದರು.

ಅಂಥ ಜನ ಒದಗಿದ್ದಕ್ಕೆ ಧರ್ಮದಷ್ಟೇ ಅರ್ಥಶಾಸ್ತ್ರವೂ ಕಾರಣ. ಅಮೆರಿಕದಲ್ಲಿ 1935ರ ಸಾಮಾಜಿಕ ಭದ್ರತಾ ಕಾಯಿದೆ ವೃದ್ಧಾಪ್ಯ ವೇತನದ ತಳಹದಿ ಹಾಕಿತು. ಎರಡನೆಯ ಮಹಾಯುದ್ಧದ ಅನಂತರ ಕಂಪನಿಗಳ ಪಿಂಚಣಿ, ದೀರ್ಘಾಯುಷ್ಯ ಮತ್ತು ಅಗ್ಗವಾದ ವಿಮಾನಯಾನಗಳು ಕೂಡಿಬಂದು, ಗಟ್ಟಿಮುಟ್ಟಾಗಿದ್ದೂ ದುಡಿಮೆಯ ಅಗತ್ಯವಿಲ್ಲದ ಅರುವತ್ತರ ದಂಪತಿಗಳ ಒಂದು ತಲೆಮಾರನ್ನೇ ಸೃಷ್ಟಿಸಿದವು. ಬರಿಗೈಯಲ್ಲಿ ಹೊರಡಬೇಕೆಂಬ ಹಳೆಯ ನಿಯಮಕ್ಕೆ ನೇರ ವಿರುದ್ಧವಾಗಿ, ಹಿರಿಯ ದಂಪತಿಗಳು ತಮ್ಮ ಖರ್ಚನ್ನು ತಾವೇ ಭರಿಸಬೇಕೆಂಬುದು ಹೊಸ ನಿಯಮವಾಯಿತು. 1973ರಿಂದ 1985ರವರೆಗೆ ಸಭೆಯ ಅಧ್ಯಕ್ಷರಾಗಿದ್ದ ಸ್ಪೆನ್ಸರ್ ಕಿಂಬಲ್, ಮೇಲೆ ಹೇಳಿದ ಹೀಬರ್ ಕಿಂಬಲ್‌ನ ಮೊಮ್ಮಗ, ಮಿಷನ್ ಕೆಲಸವನ್ನು ಎಲ್ಲ ಖಂಡಗಳಿಗೂ ಹಬ್ಬಿಸಲು ಹೊರಟಾಗ ಈ ತಲೆಮಾರು ಕೈಗೆಟುಕುವಲ್ಲಿಯೇ ಇತ್ತು.

ಪದ್ಧತಿಯ ಶಕ್ತಿ ಸ್ಪಷ್ಟವಾದದ್ದು 1978ರಲ್ಲಿ. ಆಫ್ರಿಕನ್ ಮೂಲದ ಗಂಡಸರಿಗೆ ಯಾಜಕತ್ವ, ಅಂದರೆ ಸಭೆಯ ವಿಧಿಗಳನ್ನು ನಡೆಸುವ ಅಧಿಕಾರ, ಅದುವರೆಗೆ ನಿಷಿದ್ಧವಾಗಿತ್ತು. ಆ ನಿಷೇಧ ಜೂನ್ ತಿಂಗಳಲ್ಲಿ ರದ್ದಾಯಿತು. ಇದಕ್ಕೆ ಎಷ್ಟೋ ವರ್ಷ ಮೊದಲೇ ನೈಜೀರಿಯ ಮತ್ತು ಘಾನಾಗಳಲ್ಲಿ ಜನರು ಪುಸ್ತಕಗಳ ಮೂಲಕ ಈ ಮತವನ್ನು ತಿಳಿದು, ಯಾರ ಅಪ್ಪಣೆಗೂ ಕಾಯದೆ ತಾವೇ ಸಭೆಗಳನ್ನು ಕಟ್ಟಿಕೊಂಡು, ಸಾಲ್ಟ್ ಲೇಕ್ ಸಿಟಿಗೆ ಪತ್ರ ಬರೆಯುತ್ತಿದ್ದರು. ಅವರ ಬಳಿಗೆ ಮೊದಲಿಗೆ ಹೋದವರು ಹುಡುಗರಲ್ಲ, ಎರಡು ಹಿರಿಯ ಜೋಡಿಗಳು: ರೆಂಡೆಲ್ ಮತ್ತು ರೇಚೆಲ್ ಮೇಬಿ, ಎಡ್ವಿನ್ ಮತ್ತು ಜನಾತ್ ಕ್ಯಾನನ್. ರೆಂಡೆಲ್ ಮೇಬಿ ಯೂಟಾದ ಶಾಸನಸಭೆಯಲ್ಲಿದ್ದು ಅನುಭವ ಪಡೆದ, ಎಪ್ಪತ್ತರ ಆಸುಪಾಸಿನ ವ್ಯಕ್ತಿ. ಜನಾತ್ ಕ್ಯಾನನ್ ಸಭೆಯ ಮಹಿಳಾ ಸಂಘಟನೆಯಾದ ರಿಲೀಫ್ ಸೊಸೈಟಿಯ ಉನ್ನತ ಪದಾಧಿಕಾರಿಯಾಗಿದ್ದು, ಈ ಕರೆಗಾಗಿಯೇ ಆ ಹುದ್ದೆಯಿಂದ ಬಿಡುಗಡೆ ಹೊಂದಿದವರು. 1978ರ ನವೆಂಬರ್ 21ರಂದು ನೈಜೀರಿಯದ ಶಿಕ್ಷಕ ಆ್ಯಂಟನಿ ಒಬಿನ್ನಾ ಸೇರಿದಂತೆ 19 ಮಂದಿ ನದಿಯಲ್ಲಿ ದೀಕ್ಷಾಸ್ನಾನ ಪಡೆದರು. ಡಿಸೆಂಬರಿನಲ್ಲಿ ಘಾನಾದ ಕೇಪ್ ಕೋಸ್ಟ್‌ನಲ್ಲಿ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಕಟ್ಟಿ ಬೆಳೆಸಿದ್ದ ಸಭೆಯ ಜನ ಸಾಲುಗಟ್ಟಿ ಬಂದರು. ಒಬಿನ್ನಾ ಸ್ಥಳೀಯ ಸಭೆಯ ಮುಖ್ಯಸ್ಥರಾದಾಗ ಅವರ ಮಡದಿ ಫಿಡೆಲಿಯಾ ಅಲ್ಲಿನ ಮಹಿಳಾ ಸಂಘಟನೆಯ ಮುಖ್ಯಸ್ಥೆಯಾದರು. ಗಂಡಸಿನ ಮತ್ತು ಹೆಂಗಸಿನ ಹೊಣೆಗಳನ್ನು ಬೇರ್ಪಡಿಸಿಯೇ ರಚಿತವಾದ ಸಭೆಯೊಂದನ್ನು ಹೊಸ ನೆಲದಲ್ಲಿ ಊರುವುದಕ್ಕೆ ದಂಪತಿಗಳೇ ಏಕೆ ತಕ್ಕವರಾದರೆಂಬುದನ್ನು ಈ ನೇಮಕ ತೋರಿಸುತ್ತದೆ.

ಅದೇ ಡಿಸೆಂಬರಿನಲ್ಲಿ ಇನ್ನೊಂದು ಜೋಡಿ ಹೈದರಾಬಾದಿಗೆ ಬಂದಿತು. ಕೀಟವಿಜ್ಞಾನಿಯಾಗಿ ಸಮೋವಾ ದ್ವೀಪದಲ್ಲಿ ಕೆಲಸದಲ್ಲಿದ್ದಾಗ ಈ ಸಭೆಯನ್ನು ಸೇರಿದ್ದ ಎಡ್ವಿನ್ ಧರ್ಮರಾಜು ಮತ್ತು ಅವರ ಮಡದಿ ಎಲ್ಸಿ ವಿಶೇಷ ಮಿಷನ್ ಮೇಲೆ ತಮ್ಮ ಊರಿಗೇ ಮರಳಿ ತಮ್ಮ ಬಂಧುಬಳಗಕ್ಕೆ ಬೋಧಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ದೀಕ್ಷಾಸ್ನಾನ ಪಡೆದರು. ‘ಬುಕ್ ಆಫ್ ಮಾರ್ಮನ್’ ಗ್ರಂಥವನ್ನು ತೆಲುಗಿಗೆ ತಂದವರು ಎಲ್ಸಿ ಅವರ ತಂದೆ. ಆಫ್ರಿಕಕ್ಕೆ ಹೋದ ಜೋಡಿಗಳು ಪರದೇಶಕ್ಕೆ ಹೋದವರಾದರೆ ಇವರು ಪರದೇಶದಿಂದ ತವರಿಗೆ ಬಂದವರು. ದಿಕ್ಕು ಬೇರೆಯಾದರೂ ಗಂಡಹೆಂಡಿರಿಬ್ಬರೂ ಒಟ್ಟಾಗಿ ಹೊರಟದ್ದು ಎರಡರಲ್ಲೂ ಸಮಾನ.

ವೃತ್ತಿಯ ಅನುಭವವೇ ಮಿಷನ್‌ಗೆ ಬಾಗಿಲು ತೆರೆದ ನಿದರ್ಶನ ಮಂಗೋಲಿಯದಲ್ಲಿ ಸಿಗುತ್ತದೆ. ಸೋವಿಯತ್ ಆಸರೆ ಕುಸಿದು ದೇಶದ ವ್ಯವಸ್ಥೆಯೆಲ್ಲ ಅಲುಗಾಡುತ್ತಿದ್ದ 1992ರಲ್ಲಿ, ಉನ್ನತ ಶಿಕ್ಷಣವನ್ನು ಪುನಾರಚಿಸಲು ನೆರವಾಗುವ ಉದ್ದೇಶದಿಂದ ಆರು ಹಿರಿಯ ದಂಪತಿಗಳು ಉಲಾನ್‌ಬಾತರ್‌ಗೆ ಬಂದರು. ಮೊದಲಿಬ್ಬರು ಮಂಗೋಲಿಯನ್ನರು ದೀಕ್ಷಾಸ್ನಾನ ಪಡೆದದ್ದು ಮರುವರ್ಷ. ಮೊದಲು ಉಪಯುಕ್ತರಾಗಿ, ಬೋಧನೆಯನ್ನು ಕೇಳಿದವರಿಗೆ ಮಾತ್ರ ಹೇಳುವ ಈ ಕ್ರಮ, 1971ರಿಂದಲೇ ಆರೋಗ್ಯ ಶಿಕ್ಷಣಕ್ಕಾಗಿ ಪ್ರತ್ಯೇಕ ಮಿಷನರಿಗಳನ್ನು ಕಳುಹಿಸತೊಡಗಿದ್ದ ಸಭೆಗೆ ಹೊಸದೇನೂ ಆಗಿರಲಿಲ್ಲ. ಮುಂದೆ ಕುಡಿಯುವ ನೀರಿನ ಬಾವಿಗಳು, ಗಾಲಿಕುರ್ಚಿಗಳ ವಿತರಣೆ, ಹುಟ್ಟಿದ ಕೂಡಲೇ ಉಸಿರಾಡದ ಶಿಶುವನ್ನು ಉಳಿಸುವ ವಿಧಾನದಲ್ಲಿ ಸೂಲಗಿತ್ತಿಯರಿಗೂ ದಾದಿಯರಿಗೂ ತರಬೇತಿ ಇಂಥ ಕಾರ್ಯಗಳ ಮೇಲ್ವಿಚಾರಣೆ ಬಹುಮಟ್ಟಿಗೆ ಹಿರಿಯ ದಂಪತಿಗಳ ಪಾಲಿಗೆ ಬಂದಿತು.

ಇಂದಿನ ಕ್ರಮದಲ್ಲಿ ಮನೆಯಲ್ಲಿ ಸಾಕಬೇಕಾದ ಮಕ್ಕಳಿಲ್ಲದ, ಆರೋಗ್ಯವಂತರಾದ ದಂಪತಿಗಳು ಅರ್ಜಿ ಸಲ್ಲಿಸುತ್ತಾರೆ. ಅಧ್ಯಕ್ಷರ ಹೆಸರಿನಲ್ಲಿ ಕರೆಪತ್ರ ಬರುತ್ತದೆ. ಯೂಟಾದ ಪ್ರೋವೊ ಪಟ್ಟಣದಲ್ಲಿರುವಂಥ ತರಬೇತಿ ಕೇಂದ್ರದಲ್ಲಿ ಸುಮಾರು ಒಂದು ವಾರ ಕಳೆದು ಅವರು ಹೊರಡುತ್ತಾರೆ. ಅಲ್ಲಿಂದ ಮುಂದೆ ಗಂಡ ‘ಎಲ್ಡರ್’, ಹೆಂಡತಿ ‘ಸಿಸ್ಟರ್’. ಎಲ್ಡರ್ ಎಂದರೆ ಹಿರಿಯನೆಂಬ ಅರ್ಥವಿದ್ದರೂ ಅದು ವಯಸ್ಸಿನ ಸೂಚನೆಯಲ್ಲ, ಯಾಜಕತ್ವದ ಒಂದು ಪದವಿ. ಹದಿನೆಂಟರ ಹುಡುಗನೂ ಎಪ್ಪತ್ತರ ಅಜ್ಜನೂ ಒಂದೇ ಬಿರುದನ್ನು ಧರಿಸುತ್ತಾರೆ. ಇಬ್ಬಿಬ್ಬರಾಗಿ ಹೋಗಬೇಕೆಂಬ ನಿಯಮದ ಪ್ರಕಾರ ತರುಣ ಮಿಷನರಿಗೆ ಒಬ್ಬ ಜೊತೆಗಾರನನ್ನು ಗೊತ್ತುಮಾಡುತ್ತಾರೆ, ಕೆಲವು ತಿಂಗಳಿಗೊಮ್ಮೆ ಬದಲಿಸುತ್ತಾರೆ. ಹಿರಿಯ ದಂಪತಿಗಳ ವಿಷಯದಲ್ಲಿ ಮದುವೆಯೇ ಜೊತೆಗಾರಿಕೆಯಾದ್ದರಿಂದ ಬದಲಾವಣೆಯ ಪ್ರಶ್ನೆಯಿಲ್ಲ. ದೇವಾಲಯದಲ್ಲಿ ನೆರವೇರಿದ ವಿವಾಹಬಂಧ ಸಾವಿನಾಚೆಗೂ ಉಳಿಯುತ್ತದೆಂದು ನಂಬುವ ಈ ಸಭೆಯಲ್ಲಿ, ದಂಪತಿಯನ್ನು ಒಂದೇ ಘಟಕವಾಗಿ ಕಳುಹಿಸುವುದಕ್ಕೆ ಸಿದ್ಧಾಂತದ ಬೆಂಬಲವೂ ಇದೆ.

ನಿತ್ಯದ ಕೆಲಸ ಹೊರಗಿನವರು ಊಹಿಸುವಷ್ಟು ಆವೇಶದ್ದಲ್ಲ. ಮಿಷನ್ ಕಚೇರಿಯಲ್ಲಿ ಕೂತು ಬಾಡಿಗೆ ಪಾವತಿಸುವುದು, ವೀಸಾ ಕಾಗದಗಳ ಅವಧಿಯನ್ನು ನೋಡಿಕೊಳ್ಳುವುದು, ಹುಡುಗರು ವಾಸವಿರುವ ಮನೆಗಳಿಗೆ ಹೋಗಿ ಅಡುಗೆಮನೆ ಚೊಕ್ಕಟವಿದೆಯೇ ಎಂದು ಪರೀಕ್ಷಿಸುವುದು, ಜ್ವರ ಬಂದವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಹೊಸ ಸದಸ್ಯರಿಗೆ ಸಭೆ ನಡೆಸುವ ರೀತಿಯನ್ನು ಹೇಳಿಕೊಡುವುದು, ದೂರದ ದಫ್ತರಖಾನೆಗಳಲ್ಲಿ ಜನನಮರಣಗಳ ಹಳೆಯ ದಾಖಲೆಗಳ ಛಾಯಾಚಿತ್ರ ತೆಗೆಯುವುದು ಇವೇ ಅವರ ದಿನಚರಿಯನ್ನು ತುಂಬುತ್ತವೆ. ದಾಖಲೆಗಳ ಕೆಲಸಕ್ಕೆ ಧಾರ್ಮಿಕ ಹಿನ್ನೆಲೆಯೊಂದಿದೆ: ಗತಿಸಿದ ಪೂರ್ವಜರ ಪರವಾಗಿ ದೇವಾಲಯದಲ್ಲಿ ವಿಧಿಗಳನ್ನು ನಡೆಸಬಹುದೆಂಬ ನಂಬಿಕೆಯಿಂದಾಗಿ ಸಭೆ ವಂಶಾವಳಿಗಳನ್ನು ಕೂಡಿಡುತ್ತದೆ, ಮತ್ತು ಅದಕ್ಕಾಗಿ 1938ರಿಂದಲೇ ಮೈಕ್ರೋಫಿಲ್ಮ್ ತಂತ್ರವನ್ನು ಬಳಸಿಕೊಂಡಿತು.

ಆದರೂ ಹೊರಡುವವರು ಸಭೆಗೆ ಬೇಕಾದಷ್ಟು ಸಿಕ್ಕಿಲ್ಲ. ಸಭೆಯ ಅಪೊಸ್ತಲರಲ್ಲಿ, ಅಂದರೆ ಆಡಳಿತದ ಹನ್ನೆರಡು ಮಂದಿ ಹಿರಿಯರಲ್ಲಿ ಒಬ್ಬರಾಗಿದ್ದ ರಾಬರ್ಟ್ ಹೇಲ್ಸ್ 2001ರ ಏಪ್ರಿಲ್‌ನ ಮಹಾಸಭೆಯಲ್ಲಿ ದಂಪತಿಗಳನ್ನು ತಡೆಯುವ ನಾಲ್ಕು ಅಡ್ಡಿಗಳನ್ನು ಹೆಸರಿಸಿದರು: ಭಯ, ಕುಟುಂಬದ ಚಿಂತೆ, ತಮಗೆ ಒಗ್ಗುವ ಸೇವೆ ಸಿಗುವುದೋ ಇಲ್ಲವೋ ಎಂಬ ಸಂದೇಹ, ಹಣ. ಇವುಗಳಲ್ಲಿ ಕೊನೆಯದಕ್ಕೆ ಸಂಸ್ಥೆ ಮದ್ದು ಹುಡುಕಿತು. 2011ರ ಸೆಪ್ಟೆಂಬರಿನಿಂದ ಮನೆಬಾಡಿಗೆಯ ಬಾಬಿನಲ್ಲಿ ದಂಪತಿಗಳು ತಿಂಗಳಿಗೆ 1,400 ಡಾಲರಿಗಿಂತ ಹೆಚ್ಚು ಕೊಡಬೇಕಿಲ್ಲವೆಂದು ಗೊತ್ತುಪಡಿಸಿ, ಪರದೇಶ ಸೇವೆಯ ಅವಧಿಯಲ್ಲಿಯೂ ಆರು, ಹನ್ನೆರಡು, ಹದಿನೆಂಟು ತಿಂಗಳುಗಳ ಆಯ್ಕೆ ನೀಡಿತು. ಆದರೂ ಅರುವತ್ತೈದು ದಾಟಿದ ಅಮೆರಿಕನ್ನರಿಗೆ ಸರಕಾರ ಕೊಡುವ ಮೆಡಿಕೇರ್ ಎಂಬ ಆರೋಗ್ಯ ವಿಮೆ ಸಾಮಾನ್ಯವಾಗಿ ದೇಶದ ಗಡಿಯಾಚೆ ಅನ್ವಯಿಸದ ಕಾರಣ, ಬೇರೆ ವಿಮೆಯ ಖರ್ಚು ತಪ್ಪುವುದಿಲ್ಲ. ಪಿಂಚಣಿಯ ಆಸರೆಯಿಲ್ಲದ ದೇಶಗಳ ಸದಸ್ಯರಿಗೆ ಈ ಸೇವೆ ಸುಲಭವಾಗಿ ನಿಲುಕದಿರುವುದು ಪದ್ಧತಿಯ ಹುಟ್ಟಿನಲ್ಲೇ ಇರುವ ಮಿತಿ.

ಕರ್ನಾಟಕದ ಓದುಗರಿಗೆ ಪರಿಚಿತವಾದ ಬಾಸೆಲ್ ಮಿಷನ್ನಿನ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಈ ಪದ್ಧತಿಯ ವೈಲಕ್ಷಣ್ಯ ಇನ್ನಷ್ಟು ತಿಳಿಯಾಗುತ್ತದೆ. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಆ ಸಂಸ್ಥೆ ತನ್ನ ಜನರನ್ನು ಅವಿವಾಹಿತರಾಗಿಯೇ ಕಳುಹಿಸಿ, ಆಡಳಿತ ಸಮಿತಿಯ ಒಪ್ಪಿಗೆ ದೊರೆತ ಮೇಲಷ್ಟೇ ಮದುವೆಗೆ ಅವಕಾಶ ಕೊಡುತ್ತಿತ್ತು. ಇಲ್ಲಿ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳುಹಿಸುವ ರೂಢಿಯಿತ್ತು. ಅವರಿಗಾಗಿ ಬಾಸೆಲ್‌ನಲ್ಲಿ 1853ರಲ್ಲಿ ಮಕ್ಕಳ ನಿಲಯವೇ ತೆರೆಯಿತು. ಅಲ್ಲಿ ಅಗಲಿಕೆ ತಂದೆತಾಯಿಗಳಿಗೂ ಮಕ್ಕಳಿಗೂ ನಡುವಿನದಾಗಿದ್ದರೆ, ಆದಿಕಾಲದ ಮಾರ್ಮನ್ ಮಿಷನ್ನಿನಲ್ಲಿ ಗಂಡಹೆಂಡಿರ ನಡುವಿನದು, ಹಿರಿಯ ದಂಪತಿಗಳ ಪಾಲಿಗೆ ಅಜ್ಜಅಜ್ಜಿಯರಿಗೂ ಮೊಮ್ಮಕ್ಕಳಿಗೂ ನಡುವಿನದು. ಭಾರತೀಯ ಪರಂಪರೆಯ ವಾನಪ್ರಸ್ಥದ ನೆನಪೂ ಇಲ್ಲಿ ಸಹಜ. ಚರ್ಮ ಸುಕ್ಕಾಗಿ, ಕೂದಲು ನೆರೆತು, ಮಗನ ಮಗನನ್ನು ಕಂಡಾಗ ಗೃಹಸ್ಥನು ಕಾಡಿಗೆ ಹೊರಡಬೇಕೆಂದೂ, ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿಯಾಗಲಿ ಜೊತೆಗೆ ಕರೆದುಕೊಂಡಾಗಲಿ ಹೋಗಬಹುದೆಂದೂ ಮನುಸ್ಮೃತಿ ವಿಧಿಸುತ್ತದೆ. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ: ವಾನಪ್ರಸ್ಥನು ಲೋಕವ್ಯವಹಾರವನ್ನು ಕಳಚಿಕೊಂಡು ಹಿಂದಿರುಗದ ದಾರಿ ಹಿಡಿಯುತ್ತಾನೆ, ಮಿಷನರಿ ದಂಪತಿ ಹೊಸ ವ್ಯವಹಾರವನ್ನೇ ಹೊತ್ತು, ಅವಧಿ ತೀರಿದ ಮೇಲೆ ಮನೆಗೆ ಬರುತ್ತಾರೆ. ಒಂದು ಕಡೆ ಹೊರಡುವುದಕ್ಕೆ ಗುರುತಾಗಿರುವ ಮೊಮ್ಮಗನ ಮುಖ, ಇನ್ನೊಂದು ಕಡೆ ಹೊರಡದಿರುವುದಕ್ಕೆ ಕಾರಣವಾಗಿದೆ.

ಕನ್ನಡನಾಡಿಗೆ ಈ ಚರಿತ್ರೆಯ ನೇರ ಸಂಪರ್ಕ 1993ರ ಜನವರಿಯದು. ಆಗ ಬೆಂಗಳೂರನ್ನು ಕೇಂದ್ರವಾಗಿಟ್ಟು ಭಾರತದ ಮೊದಲ ಆಧುನಿಕ ಮಿಷನ್ ಆರಂಭವಾಯಿತು. ಇಲ್ಲಿ ಮಿಷನ್ ಎಂದರೆ ಒಬ್ಬ ಅಧ್ಯಕ್ಷನ ಆಡಳಿತಕ್ಕೆ ಒಳಪಟ್ಟ ಸೇವಾಪ್ರಾಂತ. ಪಂಜಾಬ್ ಮೂಲದ ಗಣಿತ ಪ್ರಾಧ್ಯಾಪಕ ಗುರುಚರಣ್ ಸಿಂಗ್ ಗಿಲ್ ಅದರ ಮೊದಲ ಅಧ್ಯಕ್ಷರು. ಮಿಷನ್ ಅಧ್ಯಕ್ಷನ ಹುದ್ದೆಗೆ ಹೆಂಡತಿಯೊಡನೆಯೇ ಬಂದು ಮೂರು ವರ್ಷ ಇರುವುದು ಸಭೆಯ ರೂಢಿಯಾದ್ದರಿಂದ, ಅದೂ ದಂಪತಿ ಸೇವೆಯ ಇನ್ನೊಂದು ರೂಪ. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ದೇವಾಲಯವೊಂದು ಘೋಷಿತವಾಗಿ, 2020ರ ಡಿಸೆಂಬರಿನಲ್ಲಿ ಅದಕ್ಕೆ ಭೂಮಿಪೂಜೆಗೆ ಸಮಾನವಾದ ಗುದ್ದಲಿ ವಿಧಿ ನಡೆಯಿತು. ಈ ಸಭೆಯಲ್ಲಿ ಭಾನುವಾರದ ಪ್ರಾರ್ಥನಾಮಂದಿರ ಬೇರೆ, ವಿವಾಹಬಂಧದಂಥ ವಿಶೇಷ ವಿಧಿಗಳು ನಡೆಯುವ ದೇವಾಲಯ ಬೇರೆ. ಎರಡನೆಯದಕ್ಕಾಗಿ ಭಾರತದ ಸದಸ್ಯರು ಹಾಂಗ್‌ಕಾಂಗಿನಂಥ ದೂರದ ಊರುಗಳಿಗೆ ಹೋಗಬೇಕಿತ್ತು.

ಇಂದು ಹಿರಿಯ ದಂಪತಿಯ ಮೊಮ್ಮಗ ಹುಟ್ಟಿದ ಸುದ್ದಿ ವಿಡಿಯೊ ಕರೆಯಲ್ಲಿ ಆ ಕ್ಷಣವೇ ತಲುಪುತ್ತದೆ. ಲೂಯಿಸಾ ಪ್ರ್ಯಾಟ್‌ಳ ಕಾಲದಲ್ಲಿ ಟುಬುವಾಯಿಯಿಂದ ಹೊರಟ ಕಾಗದ ಮನೆ ಸೇರಲು ತಿಂಗಳುಗಳೇ ಹಿಡಿಯುತ್ತಿದ್ದವು. ಅಗಲಿಕೆಯ ಉದ್ದ ಕಡಿಮೆಯಾಗಿದೆ, ಅದನ್ನು ಹೊರುವವರು ಬದಲಾಗಿದ್ದಾರೆ, ಆದರೆ ಅಗಲಿಕೆ ಇಲ್ಲದ ಮಿಷನ್ ಯಾವ ಕಾಲದಲ್ಲೂ ಇರಲಿಲ್ಲ. ಚರಿತ್ರೆಯಲ್ಲಿ ನಿಜವಾಗಿ ಬದಲಾದದ್ದು ಲೆಕ್ಕದ ಪುಸ್ತಕ. 1839ರಲ್ಲಿ ಬಾಣಂತಿಯ ಹಾಸಿಗೆಯಲ್ಲಿದ್ದ ಮೇರಿ ಆ್ಯನ್ ಆ ಎರಡು ವರ್ಷ ಮಾಡಿದ ದುಡಿಮೆ ಯಾವ ಮಿಷನ್ನಿನ ದಾಖಲೆಗೂ ಸೇವೆಯಾಗಿ ಸೇರಲಿಲ್ಲ. ಇಂದು ಕಚೇರಿಯ ಮೇಜಿನೆದುರು ಕುಳಿತ ಅಜ್ಜಿಯ ಹೆಸರಿನಲ್ಲಿ ಬೇರೆಯೇ ಒಂದು ಕರೆಪತ್ರವಿರುತ್ತದೆ, ಅವಳ ಎದೆಯ ಮೇಲೆ ಅವಳದೇ ಒಂದು ನಾಮಫಲಕವಿರುತ್ತದೆ.